ತುಟ್ಟಿಭತ್ಯೆ ಇಲ್ಲದವರು

ಬ್ಯಾಂಕಿನ ಗಾಜಿನ ಕಿಂಡಿಯೊಳಗೆ ಮೊದಲು ನುಗ್ಗುತ್ತಿದ್ದುದು ಅವರ ತೋರುಬೆರಳು. ಮೇಲಿನ ಗಿಣ್ಣು ಸೊಟ್ಟ, ಉಗುರಿನಲ್ಲಿ ಅರಿಶಿನದ ಕಲೆ. ಅದು ನೇರ ನನ್ನ ಎದೆಗೇ ಗುರಿಯಿಟ್ಟಂತೆ ನಿಲ್ಲುತ್ತಿತ್ತು.

ಅವರು ಬೇಲೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಖಾಸಗಿ ಬಸ್ಸಿನ ಚಾಲಕರಾಗಿದ್ದ ಗಂಡ ತೀರಿಕೊಂಡಾಗ ವಿಮೆಯ ಹಣ ಬಂತು. ಗ್ರೈಂಡರ್ ಕೊಂಡು ದೋಸೆಹಿಟ್ಟು ಮಾರುತ್ತೇನೆ ಎಂದಿದ್ದರು. ಬ್ಯಾಂಕಿನ ಗುಮಾಸ್ತನಾದ ನಾನೇ ತಡೆದೆ. "ಆ ಕಷ್ಟ ಯಾಕೆ? ಠೇವಣಿ ಇಡಿ. ತಿಂಗಳಾ ಬಡ್ಡಿ ಬರುತ್ತೆ, ಕೂತು ಉಣ್ಣಿ."

ಮೊದಮೊದಲು ಬಡ್ಡಿಯಲ್ಲಿ ಬಾಡಿಗೆ, ದಿನಸಿ ಎಲ್ಲ ನಡೆಯಿತು. ಅವಧಿ ಮುಗಿದು ಠೇವಣಿಯನ್ನು ಮತ್ತೆ ಇಡುವಾಗ ಬಡ್ಡಿದರ ಇಳಿದಿತ್ತು. ಅಷ್ಟರಲ್ಲಿ ಬಾಡಿಗೆ, ಬೇಳೆ, ಎಣ್ಣೆ ಎಲ್ಲ ಏರಿದ್ದವು. ಅಲ್ಲಿಂದ ಪ್ರತಿ ತಿಂಗಳೂ ಜಗಳ, ಅದೂ ಎಲ್ಲರ ಎದುರಿಗೆ.

ಒಮ್ಮೆ ಮ್ಯಾನೇಜರೇ ಎದ್ದು ಬಂದು, "ನಿಮ್ಮ ಅಸಲು ಒಂದು ಪೈಸೆನೂ ಕಮ್ಮಿಯಾಗಿಲ್ಲಮ್ಮಾ" ಎಂದರು.

"ಕಮ್ಮಿಯಾಗಿಲ್ವಾ? ಅವತ್ತು ಆ ದುಡ್ಡಿಗೆ ಹಳೇಬೀಡಲ್ಲಿ ಸೈಟು ಬತ್ತಿತ್ತು. ಇವತ್ತು ಸೈಟಿನ ಕಾಂಪೌಂಡೂ ಆಗಕ್ಕಿಲ್ಲ!" ಬೆರಳು ನನ್ನತ್ತ ತಿರುಗಿತು. "ಬೆಲೆ ಏರಿದ್ರೆ ಇವನಿಗೆ ತುಟ್ಟಿಭತ್ಯೆ ಬತ್ತೈತೆ. ಅದ್ರಲ್ಲೇ ಸೋಫಾ ತಂದವ್ನೆ. ನಂಗ್ಯಾರು ಕೊಡ್ತಾರೆ ಭತ್ಯೆ?"

ಸಾಲಿನಲ್ಲಿದ್ದವರು ನಕ್ಕರು. ಸೋಫಾದ ಮಾತು ನಿಜವಾದ್ದರಿಂದ ನನಗೆ ಮೈಯೆಲ್ಲ ಉರಿಯಿತು. ಆ ವಾರವೇ ಎರಡೂ ಮನೆಯ ನಡುವಿನ ಗೇಟಿಗೆ ಬೀಗ ಜಡಿದೆ.

ಕೊನೆಗೊಂದು ದಿನ ಠೇವಣಿ ಮುರಿಸಲು ಬಂದರು. ಅವಧಿಗೆ ಮೊದಲೇ ಮುರಿದರೆ ದಂಡ ಬೀಳುತ್ತದೆ ಎಂದೆ.

"ಬೀಳ್ಲಿ. ನಿನ್ನ ಮಾತು ಕೇಳಿ ಇಷ್ಟು ವರ್ಷ ಕಟ್ಟಿದ ದಂಡಕ್ಕಿಂತ ಜಾಸ್ತಿಯೇನಲ್ಲ."

ಗ್ರೈಂಡರ್ ಬಂತು. ಉದ್ದಿನಬೇಳೆ ಏರಿದ ದಿನವೇ ಹಿಟ್ಟಿನ ಬೆಲೆಯೂ ಏರುತ್ತಿತ್ತು. ಚೌಕಾಸಿಗಿಳಿದ ನನ್ನ ಹೆಂಡತಿಗೆ, "ಬೇಕಾದ್ರೆ ತಗೋ, ಇಲ್ದಿದ್ರೆ ನಿನ್ ಗಂಡನ ಬ್ಯಾಂಕಲ್ಲಿ ಕೇಳೋಗು" ಎಂದು ಚುಚ್ಚಿ ಕಳಿಸಿದರು. ನಾವು ಬೇರೆ ಕಡೆ ಹಿಟ್ಟು ತರತೊಡಗಿದೆವು.

ಎರಡು ವರ್ಷವಾಗಿತ್ತಷ್ಟೇ, ಅವರಿಗೆ ಪಾರ್ಶ್ವವಾಯು ಬಡಿಯಿತು. ಹೆಂಡತಿ ಒತ್ತಾಯಿಸಿದಳೆಂದು ಹಾಸನದ ಆಸ್ಪತ್ರೆಗೆ ಹೋದೆ. ನನ್ನನ್ನು ಕಂಡು ಮುಖ ತಿರುಗಿಸಿದರು. ಗೋಡೆಯತ್ತ ನೋಡುತ್ತಲೇ ತೊದಲುತ್ತ ಹೇಳಿದರು:

"ಬಿ.ಪಿ. ಮಾತ್ರೆ ಅರ್ಧರ್ಧ ನುಂಗ್ತಿದ್ದೆ ಕಣೋ, ನಾಕೈದು ವರ್ಷ. ಬಡ್ಡಿ ಅಷ್ಟಕ್ಕೇ ಸಾಲ್ತಿತ್ತು. ಗ್ರೈಂಡರ್ ಬಂದ್ಮೇಲೆ ಪೂರ್ತಿ ನುಂಗ್ದೆ. ಅಷ್ಟೊತ್ತಿಗೆ ಆಗೋದು ಆಗೋಗಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ತಿಂಗಳು ತಿಂಗಳೂ ಬಂದು ಕಿರುಚ್ತಿದ್ನಲ್ಲೋ."

ಮೂರನೆಯ ದಿನ ಹೋಗಿಬಿಟ್ಟರು. ಕ್ಷಮೆ ಕೇಳುವ ಮಾತು ನನ್ನ ಬಾಯಿಂದ ಬಂದಿರಲೇ ಇಲ್ಲ. ಅದು ನಿಮ್ಮ ತಪ್ಪಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ, ನಾನೂ ತಲೆಯಾಡಿಸುತ್ತೇನೆ. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಹಣ ಹಿಡಿದು ಬಂದು, "ಏನು ಮಾಡ್ಲಪ್ಪಾ ಇದ್ನ?" ಎಂದರೆ, ಈಗ ನಾನು ಠೇವಣಿಯ ಫಾರಂ ಮುಟ್ಟದೆ, "ನೀವೇನು ಮಾಡ್ಬೇಕು ಅಂತಿದ್ದೀರಿ?" ಎಂದು ಕೇಳುತ್ತೇನೆ.