ಲಗ್ನಪತ್ರಿಕೆಯ ನಕ್ಷತ್ರ

ಹಳೇ ಕಾರ್ಡುಗಳಲ್ಲಿ ಕ್ರಿಸ್‌ಮಸ್ ನಕ್ಷತ್ರ ಮಾಡೋದನ್ನ ಹೇಳಿಕೊಡಲು ಸೂಲಿಬೆಲೆಯ ಮಹಿಳಾ ಸಂಘಕ್ಕೆ ಹೋಗಿದ್ದೆ. ಎಲ್ಲರೂ ಕಂತೆಗಟ್ಟಲೆ ಲಗ್ನಪತ್ರಿಕೆ ತಂದಿದ್ದರು. ಕತ್ತರಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ.

"ಬಾಳ್ತಾ ಇರೋ ಗಂಡ ಹೆಂಡ್ತಿ ಹೆಸರಿನ ಮಧ್ಯೆ ಕತ್ತರಿ ಆಡಿಸ್ಬಾರ್ದು ಕಣಮ್ಮ," ಅಂದರು ಎಲ್ಲರಿಗಿಂತ ಹಿರಿಯರಾದ ಜಯಮ್ಮ. ಕಂತೆಯೆಲ್ಲ ಹುಡುಕಿ ಒಂದನ್ನು ಎಳೆದು ಕೊಟ್ಟರು. "ಇದನ್ನ ಕತ್ತರಿಸು. ಇವ್ರು ಬೇರೆಯಾಗಿ ಆಗ್ಲೇ ವರ್ಷ ಆಯ್ತು."

ಆಮೇಲೆ, ನಾನು ಮಾದರಿಗೆಂದು ಮನೆಯಲ್ಲೇ ಮಾಡಿ ತಂದಿದ್ದ ನಕ್ಷತ್ರವನ್ನು ತಿರುಗಿಸಿ ನೋಡಿದರು. "ಇದ್ಯಾರ್ದು?"

"ನಂದೇ. ನಮ್ಮ ಮದುವೇಲಿ ಮಿಕ್ಕಿದ್ದ ಪತ್ರಿಕೆ."

ಜಯಮ್ಮ ನಕ್ಷತ್ರವನ್ನು ಮೆಲ್ಲಗೆ ಕೆಳಗಿಟ್ಟರು. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನೊಬ್ಬಳ ಮುದ್ದೆಗೆ ಮಾತ್ರ ಎರಡು ಸಲ ತುಪ್ಪ ಬಿತ್ತು.

ಸಂಜೆ ನನ್ನ ಗಂಡ ಕರಕೊಂಡು ಹೋಗಲು ಸ್ಕೂಟರಿನಲ್ಲಿ ಬಂದಾಗ, ಅವರನ್ನು ಜಯಮ್ಮ ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದರು: "ಇವ್ರು ಎರಡ್ನೇವ್ರಾ?"