ಈರಪ್ಪ ಕಾಕಾರ ಮೂರು ಸೀಟು

ಬೀಡಿ ಊರಿನ ಬಸ್ಸು ಬೆಳಗಾವಿ ನಿಲ್ದಾಣದಲ್ಲಿ ನಿಲ್ಲುವ ಮೊದಲೇ ಈರಪ್ಪ ಕಾಕಾರ ಟವೆಲ್ಲು ಅದರೊಳಗೆ ಕುಳಿತಿರುತ್ತಿತ್ತು. ಓಡುತ್ತಲೇ ಕಿಟಕಿಗೆ ಎಸೆಯುತ್ತಿದ್ದರು, ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ. ಟವೆಲ್ಲಿನ ಹಿಂದೆ ಊಟದ ಡಬ್ಬಿ, ಡಬ್ಬಿಯ ಹಿಂದೆ ಛತ್ರಿ. "ಒಂದು ನಾ ಕುಂದರಾಕ, ಒಂದು ಚೀಲಕ್ಕ, ಇನ್ನೊಂದು ಯಾರರೆ ನಮ್ಮವರು ಬಂದ್ರ ಇರಲಿ ಅಂತ," ಎನ್ನುತ್ತಿದ್ದರು.

ಆಟೋ ನಗರದ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕಾಕಾ ಗೋದಾಮು ನೋಡಿಕೊಳ್ಳುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ಮಾಲೀಕರು ಕಂಪ್ಯೂಟರ್ ತರಿಸಿದರು: ತಣ್ಣನೆಯ ಕೋಣೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ, ಅದರಿಂದ ತಂತಿ ಎಳೆದು ಕೌಂಟರಿನಿಂದ ಗೋದಾಮಿನವರೆಗೆ ಹನ್ನೆರಡು ಪರದೆ. ಯಾವ ಭಾಗ ಯಾವ ಕಪಾಟಿನಲ್ಲಿದೆ ಎಂದು ಕೇಳಿದರೆ ಅದು ಹೇಳಬೇಕು. ಅದರ ಉಸ್ತುವಾರಿಗೆ ಹಿಂದವಾಡಿಯ ನನ್ನನ್ನು ತೆಗೆದುಕೊಂಡರು. ನನ್ನ ಮೊದಲ ನೌಕರಿ.

ಗಿರಾಕಿಗಳು ಮುಗಿಬೀಳುವ ಹನ್ನೊಂದು ಗಂಟೆಗೆ ಸರಿಯಾಗಿ ಪೆಟ್ಟಿಗೆ ದಿನಾ ಮಲಗಿಬಿಡುತ್ತಿತ್ತು. ಏಕಕಾಲಕ್ಕೆ ಎಂಟು ಮಂದಿಯನ್ನಷ್ಟೇ ತಾಳುತ್ತದೆ ಎಂದು ಮಾರಿದವರು ಹೇಳಿದ್ದರು. ನಾವಿದ್ದದ್ದೇ ಎಂಟು ಮಂದಿ. ಎರಡು ಸಲ ಎಣಿಸಿದ್ದೆ. ಕಾಕಾ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿ, "ಗಾಡಿ ಹೀಟ್ ಆಗೇತಿ ತಂಗೀ, ಬಾನೆಟ್ ತಗಿ," ಎಂದರು. ನಾನು ಒಪ್ಪದಿದ್ದಾಗ ಟೇಬಲ್ ಫ್ಯಾನ್ ತಂದಿಟ್ಟರು. ಆ ಗಾಳಿಗೆ ಅದು ಇನ್ನೂ ಸುಖವಾಗಿ ಮಲಗಿತು.

"ಶನಿವಾರದೊಳಗ ಸುದ್ದ ಆಗಲಿಲ್ಲಂದ್ರ ಪೆಟಗಿ ವಾಪಸ್ ಕಳಸ್ತೇನಿ," ಎಂದರು ಮಾಲೀಕರು. ಪೆಟ್ಟಿಗೆ ಹೋದರೆ ನಾನೂ ಹೋದಂತೆಯೇ. ಅಳು ತಡೆಯಲಾಗಲಿಲ್ಲ. ಕಾಕಾ ಒರೆಸಿಕೊಳ್ಳಲು ಟವೆಲ್ಲು ಕೊಟ್ಟರು. ಅದರ ವಾಸನೆಗೇ ಅಳು ನಿಂತಿತು.

ಶುಕ್ರವಾರ ಸಂಜೆ ನಾನು ಮನೆಗೆ ಹೊರಟಿದ್ದಾಗ ಕಾಕಾ ಏದುಸಿರು ಬಿಡುತ್ತ ವಾಪಸ್ ಬಂದರು. ಬಸ್ಸಿನಲ್ಲಿ ಒಬ್ಬ ಅಜ್ಜಿ ಅವರ ಡಬ್ಬಿ, ಛತ್ರಿ ಎತ್ತಿ ಅವರ ತೊಡೆಯ ಮೇಲಿಟ್ಟು, "ಮಂದಿಗಿಂತ ಟವೆಲ್ಲಽ ಜಾಸ್ತಿ ಆಗ್ಯಾವಲ್ಲೋ ಯಪ್ಪಾ ಈ ಬಸ್ಸಿನ್ಯಾಗ!" ಎಂದು ಬೈದಳಂತೆ. ಅಷ್ಟಕ್ಕೇ ಕಾಕಾ ಸೀಟು ಬಿಟ್ಟು ಇಳಿದಿದ್ದರು.

"ತಂಗೀ, ಮಂದಿನ್ನ ಎಣಸಬ್ಯಾಡ. ಟವೆಲ್ಲ ಎಣಸು!"

ಎಣಿಸಿದೆವು. ಚಹಾಕ್ಕೆ ಹೋಗುವಾಗ, ಊಟಕ್ಕೆ ಹೋಗುವಾಗ ಜಾಗ ಕೈತಪ್ಪೀತೆಂದು ಎಲ್ಲರೂ ಪರದೆಯ ಮೇಲೆ ತಮ್ಮ ಹೆಸರು ತೆರೆದಿಟ್ಟೇ ಹೋಗುತ್ತಿದ್ದರು. ಬೇರೆ ಪರದೆಗೆ ಹೋದರೆ ಅಲ್ಲೂ ಒಂದು. ಒಂಬತ್ತನೆಯದು ತೆರೆದ ಕೂಡಲೇ ಪೆಟ್ಟಿಗೆ ಬೀಳುತ್ತಿತ್ತು. ಮಂದಿಯೆಲ್ಲ ಮನೆಗೆ ಹೋಗಿದ್ದ ಆ ಹೊತ್ತಿನಲ್ಲೂ ಏಳು ಪರದೆ ತೆರೆದಿದ್ದವು. ಅವುಗಳಲ್ಲಿ ಮೂರು ಈರಪ್ಪ ಕಾಕಾರ ಹೆಸರಿನಲ್ಲಿದ್ದವು.

ಕಾಕಾ ತಲೆ ಕೆರೆದುಕೊಂಡರು. "ಯಾರರೆ ನಮ್ಮವರು ಬಂದ್ರ ಇರಲಿ ಅಂತ..."

ಕೈಪಿಡಿ ಹುಡುಕಿ, ಹತ್ತು ನಿಮಿಷ ಯಾರೂ ಮುಟ್ಟದ ಪರದೆ ತಾನಾಗಿಯೇ ಮುಚ್ಚುವಂತೆ, ಎಂಟು ತುಂಬಿದ ಮೇಲೆ ಒಂಬತ್ತನೆಯದು ತೆರೆಯದಂತೆ ಮಾಡಿದೆ. ಒಂಬತ್ತನೆಯವರಿಗೆ ಕಾಣಬೇಕಾದ ಮಾತನ್ನು ಕಾಕಾ ಹೇಳಿಕೊಟ್ಟರು, ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ: "ಸೀಟಿಲ್ಲ, ಹಿಂದಿನ ಗಾಡಿಗೆ ಬರ್ರಿ." ಶನಿವಾರ ಹನ್ನೊಂದು ದಾಟಿತು, ಹನ್ನೆರಡೂ ದಾಟಿತು, ಪೆಟ್ಟಿಗೆ ಎಚ್ಚರವಾಗಿಯೇ ಇತ್ತು. ಸೀಟು ಸಿಗದ ಮೊದಲ ಮನುಷ್ಯ ಮಾಲೀಕರು. ಆದರೂ ನನ್ನ ನೌಕರಿ ಉಳಿಯಿತು.

ಮರುವರ್ಷ ಕಾಕಾ ನಿವೃತ್ತರಾಗಿ ಮಧ್ಯಾಹ್ನದ ಬಸ್ಸಿಗೆ ಹೊರಟರು. ಬಾಗಿಲವರೆಗೆ ಕಳಿಸಿ ಗೋದಾಮಿಗೆ ಬಂದರೆ, ಅಲ್ಲಿನ ಪರದೆಯ ಮೇಲೆ ಅವರ ಹೆಸರು ಇನ್ನೂ ತೆರೆದಿತ್ತು. ಮುಚ್ಚಲು ಕೈ ಬರಲಿಲ್ಲ. ಅಂದು ಇಬ್ಬರು "ಸೀಟಿಲ್ಲ ಅಂತೈತ್ರಿ" ಎಂದು ದೂರು ತಂದರು. ಹಿಂದಿನ ಗಾಡಿಗೆ ಬರಲಿ ಬಿಡಿ. ಅಂಗಡಿ ಮುಚ್ಚುವವರೆಗೂ ಒಂಬತ್ತು ನಿಮಿಷಕ್ಕೊಮ್ಮೆ ಗೋದಾಮಿಗೆ ಹೋಗಿ ಆ ಪರದೆಯ ಒಂದು ಕೀ ಒತ್ತಿ ಬಂದೆ.