ಬಾ ಮಗನೇ ಎಂದದ್ದಕ್ಕೆ

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ನನ್ನ ಮೊದಲ ತರಗತಿಯಲ್ಲೇ ರಕ್ತ ಹರಿಯಿತು. ಹರಿಸಿದ್ದು ನನ್ನದೇ ಒಂದು ಪ್ರೀತಿಯ ಮಾತು ಎಂದರೆ ನಮ್ಮೂರು ಮದ್ದೂರಿನ ನೀವ್ಯಾರೂ ನಂಬಲಿಕ್ಕಿಲ್ಲ.

ಮೇಡಂ ಆಗಿ ಸಿಂಧನೂರಿಗೆ ಬಂದು ಆಗಿನ್ನೂ ಕೆಲವೇ ದಿನ. ಮುದ್ದೆ ಹೋಗಿ ಜೋಳದ ರೊಟ್ಟಿ ಬಂದದ್ದಕ್ಕೆ ಹೊಟ್ಟೆ ಒಗ್ಗಿತ್ತು, ಬಿಸಿಲಿಗೆ ತಲೆ ಒಗ್ಗಿರಲಿಲ್ಲ. ಬಾಡಿಗೆ ಮನೆಯ ಅಜ್ಜಿ "ಉಂಡ್ಯೇನ್ ಬೇ?" ಎಂದಾಗ ಬೈಗುಳವೆಂದುಕೊಂಡು ಸಿಟ್ಟು ನೆತ್ತಿಗೇರಿತ್ತು. ಆ 'ಬೇ' ಇಲ್ಲಿ ಸಲುಗೆಯ ಕರೆ ಎಂದು ತಿಳಿದ ಮೇಲೆ ನಾಚಿಕೆಯಾಯಿತು. ಅದರ ಉಲ್ಟಾ ಪಾಠ ಇನ್ನೂ ಬಾಕಿ ಇತ್ತು.

ಹತ್ತನೇ ತರಗತಿಗೆ ಅಂದು 'ಜೋಡಿ ಪರಿಚಯ' ಇಟ್ಟುಕೊಂಡಿದ್ದೆ. ಇಬ್ಬರು ಮಾತಾಡಿಕೊಂಡು, ಒಬ್ಬರನ್ನೊಬ್ಬರು ತರಗತಿಗೆ ಪರಿಚಯಿಸುವ ಆಟ. ಪಕ್ಕದ ಹಳ್ಳಿ ಸಾಲಗುಂದದ ಅಮರೇಶನಿಗೆ ಆರ್.ಎಚ್. ಎಂಬ ಪುನರ್ವಸತಿ ಕ್ಯಾಂಪಿನ ತಪನ್ ಜೋಡಿ. ತಪನ್ ಬಂಗಾಳಿ ನಿರಾಶ್ರಿತರ ಮೊಮ್ಮಗ. ಎದ್ದು ನಿಂತ ಅಮರೇಶ ತೊದಲಿದ. ನಾನು ಅಕ್ಕರೆಯಿಂದ, "ಬಾ ಮಗನೇ, ಮುಂದೆ ಬಾ" ಎಂದೆ.

ತಪನ್ ಕಿಸಕ್ಕನೆ ನಕ್ಕ. ಅಮರೇಶ ಕಂಪಾಸ್ ಬಾಕ್ಸ್ ಎತ್ತಿ ಅವನ ಮುಖಕ್ಕೆ ಬೀಸಿದ. ಹುಬ್ಬು ಸೀಳಿತು. ತಪನ್ ಇವನ ಕೂದಲು ಹಿಡಿದು ಕೆನ್ನೆಯನ್ನು ಡೆಸ್ಕಿಗೆ ಅಪ್ಪಳಿಸಿದ. ಕ್ಯಾಂಪಿನ ಹುಡುಗರು ಒಂದು ಕಡೆ, ಊರ ಹುಡುಗರು ಇನ್ನೊಂದು ಕಡೆ. ಬೆಂಚುಗಳು ಮಗುಚಿದವು, ಕಿಟಕಿಯ ಗಾಜು ಉದುರಿತು. ಬಿಡಿಸಲು ನುಗ್ಗಿದ ನನಗೆ ಯಾರದೋ ಮೊಣಕೈ ತಾಗಿ ತುಟಿ ಒಡೆಯಿತು.

ಹೆಡ್‌ಮಾಸ್ಟರು ಬೆತ್ತ ಹಿಡಿದು ಬಂದ ಮೇಲೆಯೇ ಎಲ್ಲ ನಿಂತದ್ದು. ಅಮರೇಶ ಅವರ ಮುಂದೆ ಹೋಗಿ ನಿಂತ. "ಮೇಡಂ ಎಲ್ಲಾರ ಮುಂದ ನನಗ 'ಮಗನ' ಅಂದಾರ್ರಿ ಸರ್. ನಮ್ಮವ್ವ ಏನು ಮಾಡ್ಯಾಳ್ರಿ?"

ಹೆಡ್‌ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಇಲ್ಲಿ ಹಂಗ ಕರದ್ರ, ಅದರ ಮೊದಲಿನ, ಅವ್ವನ ಮ್ಯಾಲಿನ ಒಂದು ಹೊಲಸು ಶಬ್ದ ನುಂಗಿ ಬೈದಾರ ಅಂತ ಅರ್ಥ ರೀ."

ಅಷ್ಟರಲ್ಲಿ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುವ ಅಮರೇಶನ ಅಪ್ಪ ಸುದ್ದಿ ತಿಳಿದು ಬಂದ. ಬಂದವನೇ ಬೆಲ್ಟ್ ಬಿಚ್ಚಿ ಅಮರೇಶನಿಗೆ ಬಾರಿಸತೊಡಗಿದ. ಅಡ್ಡ ಹೋದ ನನ್ನ ಮುಂಗೈಗೂ ಒಂದು ಬಿತ್ತು.

"ಟಿ.ಸಿ. ಕೊಡ್ರಿ. ಅವ್ವನ ಮ್ಯಾಲೆ ಅನ್ನಿಸ್ಕೊಳ್ಳೋ ಸಾಲಿ ಬ್ಯಾಡ, ಮಿಲ್ಲಿಗೆ ಬರ್ತಾನ."

"ನಮ್ಮ ಕಡೆ ಅದು ಪ್ರೀತಿಯ ಮಾತು..."

"ನೀವು ನಾಳಿ ನಿಮ್ಮ ಕಡೀಗಿ ಹೊಕ್ಕೀರಿ. ಇಲ್ಲಿ ಹೊಡದಾಡ್ಕೋತ ಉಳಿಯೋರು ನಾವು."

ನನಗೂ ರೇಗಿತು. "ಇವನು ಹತ್ತನೇ ತರಗತಿ ಪಾಸಾಗೋವರೆಗೂ ನಾನು ಎಲ್ಲಿಗೂ ಹೋಗೋದಿಲ್ಲ!"

ಅವನು ನನ್ನ ಒಡೆದ ತುಟಿ ನೋಡಿದ. ಬೆಲ್ಟನ್ನು ಸೊಂಟಕ್ಕೆ ಕಟ್ಟಿಕೊಂಡ. "ಮಾತು ತಪ್ಪಬ್ಯಾಡ್ರಿ ಮತ್ತ" ಎಂದು ಮಗನನ್ನು ಶಾಲೆಯಲ್ಲೇ ಬಿಟ್ಟು ಹೋದ.

ಮರುದಿನ ಬೋರ್ಡಿನ ಮೇಲೆ 'ಮನೆಯಲ್ಲಿ ಮುದ್ದು, ಹೊರಗೆ ಗುದ್ದು' ಎಂದು ಬರೆದು, ಕೆಳಗೆ ನನ್ನ ಪದವನ್ನೇ ಮೊದಲು ಹಾಕಿದೆ. ನಿಮ್ಮ ಮನೆಯದನ್ನು ಹೇಳಿ ಎಂದೆ. ಹೊಲಿಗೆ ಬಿದ್ದ ಹುಬ್ಬಿನ ತಪನ್ ಎದ್ದ. "ನಾವು ಅಣ್ಣಗ 'ದಾದಾ' ಅಂತೀವ್ರಿ. ಇಲ್ಲಿ ರೌಡಿಗೆ ಅಂತಾರ." ಊದಿದ ಕೆನ್ನೆಯ ಅಮರೇಶ ನಗಲಾರದೆ ನಕ್ಕ. ಪರ ಊರಿಗೆ ಹೋಗುವ ಮೇಷ್ಟ್ರುಗಳೇ, ಪರಿಚಯದ ಆಟಕ್ಕಿಂತ ಮೊದಲು ಇದನ್ನು ಆಡಿಸಿ. ಹೊಡೆದಾಟ ಪೂರ್ತಿ ನಿಂತಿತೆಂದು ಮಾತ್ರ ಹೇಳಲಾರೆ. ಮೊನ್ನೆಯೂ ಎರಡು ಸ್ಕೇಲು ಮುರಿದಿವೆ.

ಈಗ ವರ್ಗಾವಣೆಗೆ ಅವಕಾಶ ಬಂದಿದೆ. ಮದ್ದೂರಿನಿಂದ ನನ್ನ ಅವ್ವ ಶಾಲೆಗೇ ಫೋನ್ ಮಾಡಿದಳು.

"ಅರ್ಜಿ ಹಾಕ್ಬುಟ್ಟು ಊರ್ಗೆ ಬಾರವ್ವ."

"ಅಮರೇಶನ ಪರೀಕ್ಷೆ ಮುಗೀಲಿ ಕಣವ್ವ."

"ಯಾರವ್ವ ಅವ್ನು? ನಿನ್ ಮಗನಾ?"

ಅವ್ವನ ದನಿ ಜೋರು. ಲೆಕ್ಕ ಕೇಳಲು ಪಕ್ಕದಲ್ಲೇ ನಿಂತಿದ್ದ ಅಮರೇಶನಿಗೂ ಕೇಳಿಸಿತು. ನಾನು ಅವನ ಕಡೆ ನೋಡಿದೆ.

"ಹೂಂ ಅನ್ರಿ ಮೇಡಂ" ಎಂದ ಅವನು ಮೆಲ್ಲಗೆ.

ಹೂಂ ಎಂದೆ. ಅದು ಅವ್ವನಿಗೆ ಗುದ್ದಾಯಿತೇನೋ, ಅತ್ತ ಫೋನ್ ಇಟ್ಟುಬಿಟ್ಟಳು.